ನೇತ್ರಾವತಿಯ ಕೆಂಪು ನೀರಿನಲ್ಲಿರುವ ಕಬ್ಬಿಣ ಕಡಲಿಗೆ ಸೇರುತ್ತದಾ?

ಕೋಟೆಪುರದವಳು

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಮನೆ ಉಳ್ಳಾಲದ ಕಡೆ. ಅಳಿವೆ ಬಾಗಿಲು ನಡೆದು ಹೋಗುವಷ್ಟು ದೂರ. ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಅಲ್ಲೇ ಒಟ್ಟಿಗೆ ಕಡಲಿಗೆ ಇಳಿಯುವುದು. ಹೋದ ವಾರ ಮೂರು ದಿನ ಬಿಡದೆ ಮಳೆ ಹೊಡೆಯಿತು. ನಾಲ್ಕನೇ ದಿನ ಸ್ವಲ್ಪ ಹೊಳವಾಯಿತು. ಹೋಗಿ ನೋಡಿದರೆ ಹೊಳೆ ನೀರಿಗೆ ಹಾಲು ಹಾಕಿದ ಚಹಾದ ಬಣ್ಣ. ದೂರದಲ್ಲಿ ಕಡಲು ಹಸಿರು. ಎರಡರ ನಡುವೆ ಗೆರೆ ಎಳೆದ ಹಾಗಿತ್ತು. ಆ ಗೆರೆಯ ಉದ್ದಕ್ಕೂ ನೊರೆ, ತೆಂಗಿನ ಗರಿ, ಕಟ್ಟಿಗೆ ಚೂರು.

ಎರಡು ಗಾಜಿನ ಬಾಟಲಿಯಲ್ಲಿ ಹೊಳೆ ನೀರು ತಂದೆ. ಒಂದಕ್ಕೆ ಕಾಲು ಭಾಗ ಕಡಲ ನೀರು ಸೇರಿಸಿದೆ. ಇನ್ನೊಂದಕ್ಕೆ ಅಷ್ಟೇ ಬಾವಿ ನೀರು. ಎರಡನ್ನೂ ಅಲುಗಾಡಿಸಿ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಕಡಲ ನೀರು ಹಾಕಿದ ಬಾಟಲಿ ತಿಳಿಯಾಗಿತ್ತು. ತಳದಲ್ಲಿ ಹತ್ತಿಯ ಹಾಗೆ ಮೆತ್ತಗಿನ ಕೆಂಪು ಪದರ. ಬಾವಿ ನೀರು ಹಾಕಿದ್ದು ಎರಡು ದಿನ ಆದರೂ ಕದಡೇ ಇತ್ತು.

ಈಗ ನನ್ನ ಪ್ರಶ್ನೆ. ಘಟ್ಟದಿಂದ ಅಷ್ಟು ದೂರ ಹೊತ್ತು ತಂದ ಕಬ್ಬಿಣ ಬಾಗಿಲಲ್ಲೇ ಬಿದ್ದುಹೋಗುತ್ತದಾ? ಹಾಗಾದರೆ ಕಡಲಿಗೆ ಸಿಗುವುದೇನು? ಲೋಹಗಳ ಐಸೋಟೋಪ್ ನೋಡಿ ಇದು ಯಾವ ನದಿಯದು ಅಂತ ಹೇಳುತ್ತಾರಂತೆ. ಅದು ಹೇಗೆ?

ರಸಾಯನ ಮೇಷ್ಟ್ರು

ತಂಗೀ, ಬಹಳ ಒಳ್ಳೆಯ ಪ್ರಯೋಗ ಮಾಡಿದ್ದೀಯ. ಬಾವಿ ನೀರು ಹಾಕಿ ಹೋಲಿಸಿದ್ದಂತೂ ನನಗೆ ತುಂಬಾ ಇಷ್ಟವಾಯಿತು. ಅದಿಲ್ಲದಿದ್ದರೆ ಉಪ್ಪಿನಿಂದ ಆಯಿತೋ, ಸುಮ್ನೆ ನಿಂತಿದ್ದಕ್ಕೆ ಆಯಿತೋ ಗೊತ್ತಾಗುತ್ತಿರಲಿಲ್ಲ.

ನಿನ್ನ ಬಾಟಲಿಯಲ್ಲಿ ಆಗಿದ್ದು ಇಷ್ಟು. ಜೇಡಿಮಣ್ಣಿನ ಕಣಗಳ ಮೈಮೇಲೆ ಋಣ ವಿದ್ಯುತ್ ಇರುತ್ತದೆ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿರುತ್ತವೆ. ಕಡಲ ನೀರಿನ ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಬಂದು ಆ ತಳ್ಳಾಟವನ್ನು ಕಡಿಮೆ ಮಾಡುತ್ತವೆ. ಕಣಗಳು ಅಂಟಿಕೊಂಡು ದಪ್ಪವಾಗುತ್ತವೆ, ಮುಳುಗುತ್ತವೆ.

ಆದರೆ ಇದು ಮಣ್ಣಿನ ಕತೆ. ನೀರಿನಲ್ಲಿ ಕರಗಿರುವ ಕಬ್ಬಿಣದ ಕತೆ ಬೇರೆ ಇದೆ. ಪ್ರಯೋಗಾಲಯದಲ್ಲಿ 0.45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ರಂಧ್ರದ ಸೋಸುವ ಹಾಳೆಯನ್ನು ದಾಟಿದ್ದನ್ನೆಲ್ಲ ಕರಗಿದ್ದು ಅಂತ ಲೆಕ್ಕ ಹಾಕುತ್ತಾರೆ. ಅದರಲ್ಲಿ ಬಹುಪಾಲು ನಿಜವಾಗಿ ಕರಗಿರುವುದಿಲ್ಲ. ಕಬ್ಬಿಣದ ಆಕ್ಸೈಡಿನ ತೀರಾ ಸಣ್ಣ ಕಣಗಳವು. ಕೊಳೆತ ಎಲೆಗಳಿಂದ ಬಂದ ಸಾವಯವ ವಸ್ತು ಅವನ್ನು ಸುತ್ತಿಕೊಂಡಿರುತ್ತದೆ, ಹಾಗಾಗಿ ತೇಲುತ್ತಿರುತ್ತವೆ. 1970ರ ದಶಕದಲ್ಲಿ ಎಡ್ವರ್ಡ್ ಶೋಲ್ಕೋವಿಟ್ಜ್, ಎಡ್ ಬಾಯ್ಲ್, ಜಾನ್ ಎಡ್ಮಂಡ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಸೋಸಿದ ನದಿ ನೀರಿಗೆ ಸೋಸಿದ ಕಡಲ ನೀರು ಬೆರೆಸಿದರು. ಎರಡೂ ತಿಳಿ ನೀರು. ಬೆರೆಸಿದ ಮೇಲೆ ಕಂದು ಬಣ್ಣದ ಗಸಿ ಕಾಣಿಸಿಕೊಂಡಿತು. ಹೀಗೆ ಎಷ್ಟೋ ಅಳಿವೆಗಳಲ್ಲಿ ನದಿ ತಂದ ಕರಗಿದ ಕಬ್ಬಿಣದ ನೂರಕ್ಕೆ 90ರಷ್ಟು ಅಲ್ಲೇ ಉದುರಿಹೋಗುತ್ತದೆ. ಅದೂ ನೀರು ಇನ್ನೂ ಸಪ್ಪೆ ಸಪ್ಪೆ ಇರುವಾಗಲೇ.

ಲೆಕ್ಕ ನೋಡು. ಜಗತ್ತಿನ ನದಿಗಳಲ್ಲಿ ಸರಾಸರಿ ಒಂದು ಲೀಟರಿಗೆ 66 ಮೈಕ್ರೊಗ್ರಾಂ ಕರಗಿದ ಕಬ್ಬಿಣ. ತೆರೆದ ಸಾಗರದಲ್ಲಿ ಅದು ಒಂದು ಮೈಕ್ರೊಗ್ರಾಮಿನ ನೂರನೇ ಕೆಲವು ಪಾಲು ಅಷ್ಟೇ. ಸಾವಿರ ಪಟ್ಟಿಗೂ ಜಾಸ್ತಿ ಇಳಿತ. ಎಲ್ಲವೂ ಅಳಿವೆಯ ಕೆಲಸವಲ್ಲ. ಉಳಿದಿದ್ದನ್ನು ಕಡಲಿನ ಪಾಚಿ ತಿನ್ನುತ್ತದೆ, ಮುಳುಗುವ ಕಣಗಳು ಅಂಟಿಸಿಕೊಂಡು ಹೋಗುತ್ತವೆ.

ಈಗ ಅದೇ ನದಿಯ ಇನ್ನೊಂದು ಲೋಹ ತಗೊಳ್ಳೋಣ, ಮಾಲಿಬ್ಡಿನಂ. ನದಿಯಲ್ಲಿ ಲೀಟರಿಗೆ ಸರಾಸರಿ 0.4 ಮೈಕ್ರೊಗ್ರಾಂ. ಕಡಲಲ್ಲಿ ಸುಮಾರು 10! ಅಳಿವೆ ಬಾಗಿಲು ಒಂದೇ. ಒಂದು ಲೋಹವನ್ನು ತಡೆಯುತ್ತದೆ, ಇನ್ನೊಂದನ್ನು ಹಾಗೇ ಬಿಡುತ್ತದೆ.

ಬಯಲುಸೀಮೆ

ಮೇಷ್ಟ್ರೇ, ಇಲ್ಲಿ ನನಗೆ ಅರ್ಥವಾಗಲಿಲ್ಲ. ಕೊಡುವ ನದಿಯಲ್ಲಿ 0.4, ತೆಗೆದುಕೊಳ್ಳುವ ಕಡಲಲ್ಲಿ 10. ಕೊಟ್ಟವನಿಗಿಂತ ಇಸಿದುಕೊಂಡವನ ಹತ್ತಿರ 25 ಪಟ್ಟು ಜಾಸ್ತಿ ಹೇಗೆ?

ರಸಾಯನ ಮೇಷ್ಟ್ರು

ಉಪ್ಪು ಹೇಗೆ ಕೂಡಿತೋ ಹಾಗೆಯೇ. ನದಿ ಬರುತ್ತಲೇ ಇರುತ್ತದೆ. ನೀರು ಆವಿಯಾಗಿ ಮೇಲೆ ಹೋಗುತ್ತದೆ, ಲೋಹ ಉಳಿಯುತ್ತದೆ. ಮಾಲಿಬ್ಡಿನಂ ನೀರಿನಲ್ಲಿ ಆಮ್ಲಜನಕದ ಜೊತೆ ಸೇರಿ ಋಣ ವಿದ್ಯುತ್ ಹೊತ್ತು ತಿರುಗುತ್ತದೆ. ಮಣ್ಣಿನ ಕಣಕ್ಕೂ ಅದೇ ವಿದ್ಯುತ್, ಹಾಗಾಗಿ ಸುಲಭಕ್ಕೆ ಅಂಟುವುದಿಲ್ಲ. ಕಡಲಿಗೆ ಬಿದ್ದ ಒಂದು ಅಣು ಹೊರಗೆ ಹೋಗಲು ಸರಾಸರಿ 4 ಲಕ್ಷ ವರ್ಷಕ್ಕೂ ಜಾಸ್ತಿ ಬೇಕು. ಲಕ್ಷಾಂತರ ವರ್ಷ ಹುಂಡಿಗೆ ಚಿಲ್ಲರೆ ಹಾಕಿದ ಹಾಗೆ ಅಂದುಕೊಳ್ಳಿ.

ಐಸೋಟೋಪ್ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ.

ಕಲ್ಲು ಓದುವವ

ನಾನು ಹೇಳುತ್ತೇನೆ. ಶುರುವನ್ನು ಅಳಿವೆಯಿಂದ ಮಾಡುವುದು ಬೇಡ, ಬೆಟ್ಟದ ತುದಿಯಿಂದ ಮಾಡೋಣ.

ಗಂಗಾಮೂಲದ ಹೆಸರು ಎಲ್ಲರೂ ಕೇಳಿರುತ್ತೀರಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುತ್ತವೆ ಎನ್ನುವುದು ನಮ್ಮ ಕಡೆ ಮಾತು. ಆ ಸಾಲಿನಲ್ಲಿ ಪಶ್ಚಿಮಕ್ಕೆ ಬಿದ್ದ ಹನಿ ಘಟ್ಟ ಇಳಿದು ಬೇಗನೆ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದ ಹನಿ ಕೂಡಲಿ, ಹಂಪಿ ದಾಟಿ, ಕೃಷ್ಣೆಯನ್ನು ಸೇರಿ, ಇಡೀ ದಕ್ಷಿಣ ಭಾರತವನ್ನು ಅಡ್ಡ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ಬೆಟ್ಟದ ಕಲ್ಲು, ಎರಡು ಕಡಲು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಐಸೋಟೋಪ್. ಶಾಲೆಯಲ್ಲಿ ಸಮಸ್ಥಾನಿ ಅಂತ ಓದಿರುತ್ತೀರಿ. ಒಂದೇ ಧಾತು, ತೂಕ ಮಾತ್ರ ಸ್ವಲ್ಪ ಬೇರೆ. ಸ್ಟ್ರಾನ್ಷಿಯಂ ತಗೊಳ್ಳಿ. ಅದರಲ್ಲಿ 86 ಮತ್ತು 87 ಎನ್ನುವ ಎರಡು ನಮಗೆ ಬೇಕು. 86 ಎಂದಿಗೂ ಬದಲಾಗುವುದಿಲ್ಲ. 87 ಮಾತ್ರ ನಿಧಾನಕ್ಕೆ ಹೆಚ್ಚುತ್ತದೆ. ಯಾಕೆಂದರೆ ರುಬಿಡಿಯಂ-87 ಎನ್ನುವ ಬೇರೆ ಧಾತು ತಾನಾಗಿ ಕ್ಷಯಿಸಿ ಅದಾಗುತ್ತದೆ. ಎಷ್ಟು ನಿಧಾನ ಅಂದರೆ, ಅರ್ಧ ರುಬಿಡಿಯಂ ಹೀಗೆ ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಭೂಮಿಗೇ ಇನ್ನೂ 454 ಕೋಟಿ ವರ್ಷ.

ಹಾಗಾಗಿ ಕಲ್ಲು ಹಳೆಯದಾಗಿದ್ದು, ಅದರಲ್ಲಿ ರುಬಿಡಿಯಂ ಜಾಸ್ತಿ ಇದ್ದರೆ, 87 ಜಾಸ್ತಿ. ಗ್ರಾನೈಟು, ಅಭ್ರಕ ಇರುವ ಕಲ್ಲುಗಳು ಈ ಜಾತಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಹತ್ತಿದ್ದೀರಲ್ವಾ? ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಕಲ್ಲು. ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಕಲ್ಲು ಲಾವಾದಿಂದ ಆದದ್ದು, ಅದಕ್ಕೆ ಸುಮಾರು 6.6 ಕೋಟಿ ವರ್ಷ. ಎರೆಭೂಮಿ ಆಗಿದ್ದು ಆ ಕಲ್ಲಿನಿಂದ. ಅದರಲ್ಲಿ ರುಬಿಡಿಯಂ ಕಡಿಮೆ, ವಯಸ್ಸೂ ಕಡಿಮೆ. ಕೃಷ್ಣೆ, ಭೀಮೆ ಮೇಲ್ಭಾಗದಲ್ಲಿ ಆ ಲಾವಾ ಕಲ್ಲಿನ ಮೇಲೆ ಹರಿದು ಬರುತ್ತವೆ. ತುಂಗಭದ್ರೆ ಹಳೆಯ ನೈಸ್ ಮತ್ತು ಶಿಸ್ಟ್ ಕಲ್ಲಿನ ಮೇಲೆ. ಕರ್ನೂಲಿನ ಕೆಳಗೆ ಈ ನೀರುಗಳು ಸೇರುವಾಗ ಅವುಗಳ ಸ್ಟ್ರಾನ್ಷಿಯಂ ಬೇರೆ ಬೇರೆ ಊರಿನ ವಿಳಾಸ ಹೊತ್ತುಕೊಂಡೇ ಬಂದಿರುತ್ತದೆ.

ಅಂಕಿ ನೋಡಿದರೆ ಇನ್ನೂ ಚೆನ್ನ. 86ರ ಹತ್ತು ಸಾವಿರ ಅಣು ಎಣಿಸಿದಿರಿ ಅಂದುಕೊಳ್ಳಿ. ಅದರ ಜೊತೆಗೆ 87ರ ಅಣು ಎಷ್ಟಿರುತ್ತವೆ? ಇಂದಿನ ಕಡಲಲ್ಲಿ 7,092. ಜಗತ್ತಿನ ನದಿಗಳ ಸರಾಸರಿ ಸುಮಾರು 7,110. ಗಂಗೆ, ಬ್ರಹ್ಮಪುತ್ರದಲ್ಲಿ 7,200 ದಾಟುತ್ತದೆ. ಸಾಗರದ ತಳದ ಬಿರುಕುಗಳಿಂದ ಬರುವ ಬಿಸಿ ನೀರಿನಲ್ಲಿ ಸುಮಾರು 7,035. ನದಿ ಮೇಲಕ್ಕೆ ಎಳೆಯುತ್ತದೆ, ಬಿಸಿ ನೀರು ಕೆಳಕ್ಕೆ ಎಳೆಯುತ್ತದೆ. ಕಡಲು ನಡುವೆ ನಿಂತಿದೆ.

ಇನ್ನೂ ಒಂದು ಮಾತು. ಕಡಲಲ್ಲಿ ಸ್ಟ್ರಾನ್ಷಿಯಂ ಲಕ್ಷಗಟ್ಟಲೆ ವರ್ಷ ಉಳಿಯುತ್ತದೆ. ಕಡಲು ಪೂರ್ತಿ ಒಮ್ಮೆ ಕಲಸಿಕೊಳ್ಳಲು ಸುಮಾರು ಸಾವಿರ ವರ್ಷ ಸಾಕು. ಹಾಗಾಗಿ ಮಂಗಳೂರಲ್ಲಿ ಎಣಿಸಿದರೂ 7,092, ಚೆನ್ನೈಯಲ್ಲಿ ಎಣಿಸಿದರೂ 7,092. ಪಾಯಸಕ್ಕೆ ಹಾಕಿದ ಬೆಲ್ಲದ ಹಾಗೆ, ಎಲ್ಲಿ ಚಮಚ ಹಾಕಿದರೂ ಒಂದೇ ಸಿಹಿ. ಆ ಪಾಯಸದ ರುಚಿ ನಿಧಾನಕ್ಕೆ ಬದಲಾಗಿದೆ ಕೂಡ. 4 ಕೋಟಿ ವರ್ಷದ ಹಿಂದಿನ ಕಡಲ ಚಿಪ್ಪುಗಳಲ್ಲಿ ಅದು ಸುಮಾರು 7,077. ಅಲ್ಲಿಂದ ಇಲ್ಲಿಗೆ ಹತ್ತಿ ಬಂದಿದೆ. ಹಿಮಾಲಯ ಎದ್ದಿತು, ಹಳೆಯ ಗ್ರಾನೈಟು ಹೊರಬಿತ್ತು, ಗಂಗೆ ಅದನ್ನು ಕರಗಿಸಿ ಕಡಲಿಗೆ ಸುರಿಯಿತು.

ಸಾಬರಮತಿ ದಂಡೆ

ಕೊನೆಯ ಎರಡು ಸಾಲಿನ ಬಗ್ಗೆ ನನ್ನದೊಂದು ತಕರಾರು. ಅಷ್ಟು ನೇರ ಇಲ್ಲ ಸರ್ ಅದು. ನಾನು ಅಹಮದಾಬಾದಿನಲ್ಲಿ ಇದ್ದೇನೆ, ಈ ವಿಷಯ ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಇಲ್ಲಿನ ಭೌತ ಸಂಶೋಧನಾ ಪ್ರಯೋಗಾಲಯದ ಎಸ್. ಕೃಷ್ಣಸ್ವಾಮಿ ಮತ್ತು ಜೊತೆಗಾರರು ಗಂಗಾ, ಬ್ರಹ್ಮಪುತ್ರ ಮತ್ತು ಅವುಗಳ ಉಪನದಿಗಳ ಸ್ಟ್ರಾನ್ಷಿಯಂ ಅಳೆದು 1992ರಲ್ಲಿ ಪ್ರಕಟಿಸಿದರು. ಕೆಲವು ಹೊಳೆಗಳಲ್ಲಿ ನಿಮ್ಮ ಲೆಕ್ಕದಲ್ಲಿ 7,500ಕ್ಕೂ ಜಾಸ್ತಿ ಬಂತು.

ಪ್ರಶ್ನೆ ಏನೆಂದರೆ, ಇಷ್ಟು 87 ಬಂದದ್ದು ಗ್ರಾನೈಟಿನಂಥ ಸಿಲಿಕೇಟ್ ಕಲ್ಲಿನಿಂದಲೋ, ಸುಣ್ಣದ ಕಲ್ಲಿನಿಂದಲೋ? ಸಾಮಾನ್ಯವಾಗಿ ಸುಣ್ಣದ ಕಲ್ಲಿನಲ್ಲಿ 87 ಕಡಿಮೆ. ಆದರೆ ಹಿಮಾಲಯ ಏಳುವಾಗ ಶಾಖ, ಒತ್ತಡಕ್ಕೆ ಸಿಕ್ಕಿ ಅಲ್ಲಿನ ಕೆಲವು ಸುಣ್ಣದ ಕಲ್ಲು ಪಕ್ಕದ ಸಿಲಿಕೇಟಿನಿಂದ 87 ಹೀರಿಕೊಂಡಿದೆ. ಸುಣ್ಣದ ಕಲ್ಲು ಬೇಗ ಕರಗುತ್ತದೆ ಬೇರೆ.

ಇದು ಯಾಕೆ ಮುಖ್ಯ? ಸಿಲಿಕೇಟ್ ಕಲ್ಲು ಕರಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ದೀರ್ಘ ಕಾಲಕ್ಕೆ ಎಳೆದುಕೊಳ್ಳುತ್ತದೆ. ಸುಣ್ಣದ ಕಲ್ಲು ಎಳೆದುಕೊಂಡದ್ದು ಕಡಲಲ್ಲಿ ಚಿಪ್ಪು ಕಟ್ಟುವಾಗ ಮತ್ತೆ ಗಾಳಿಗೆ ಹೋಗುತ್ತದೆ. ಮಾರೀನ್ ರೇಮೋ ಮತ್ತು ವಿಲಿಯಂ ರಡ್ಡಿಮನ್ ಹಿಮಾಲಯ, ಟಿಬೆಟ್ ಎದ್ದದ್ದೇ ಭೂಮಿ ತಂಪಾಗಲು ಕಾರಣ ಎಂದು 1992ರಲ್ಲಿ ವಾದಿಸಿದರು. ಸ್ಟ್ರಾನ್ಷಿಯಂ ಗೆರೆ ಮೇಲೆ ಹತ್ತಿದ್ದನ್ನು ಎಷ್ಟೋ ಜನ ಅದಕ್ಕೆ ಸಾಕ್ಷಿ ಅಂತ ಹಿಡಿದರು. ಆ 87ರ ಒಂದು ಪಾಲು ಸುಣ್ಣದ ಕಲ್ಲಿನದಾದರೆ ಸಾಕ್ಷಿಯ ಬಲ ಕುಗ್ಗುತ್ತದೆ. ಐಸೋಟೋಪ್ ವಿಳಾಸ ಹೇಳುತ್ತದೆ, ನಿಜ. ಆದರೆ ಆ ವಿಳಾಸದಲ್ಲಿ ಎರಡು ಮನೆ ಇದ್ದರೆ ಯಾವ ಮನೆ ಅಂತ ಬೇರೆ ಸಾಕ್ಷಿ ಹಿಡಿದೇ ಹುಡುಕಬೇಕು.

ಕಲ್ಲು ಓದುವವ

ಒಪ್ಪಿದೆ. ನಾನು ಬರೆದದ್ದು ಅವಸರದ ಮಾತಾಯಿತು. ಎರಡು ಮನೆ ಅಂದಿದ್ದು ಸರಿಯಾಗಿದೆ.

ನಾಡದೋಣಿ

ನಾನು ಓದಿದವನಲ್ಲ, ಆದರೆ ಈ ಅಳಿವೆಯಲ್ಲಿ ಮೂವತ್ತು ವರ್ಷದಿಂದ ಬಲೆ ಹಾಕುತ್ತಿದ್ದೇನೆ. ಕೋಟೆಪುರದ ಅಕ್ಕ ನೋಡಿದ ಗೆರೆ ಎಲ್ಲಾ ಕಾಲದಲ್ಲೂ ಅಲ್ಲೇ ಇರುವುದಿಲ್ಲ. ಬೇಸಿಗೆಯಲ್ಲಿ ಭರತದ ಹೊತ್ತಿಗೆ ಉಪ್ಪು ನೀರು ಹೊಳೆಯ ಒಳಗೆ ತುಂಬಾ ದೂರ ಏರುತ್ತದೆ. ಬದಿಯ ಬಾವಿ ನೀರೂ ಸವಳಾಗುತ್ತದೆ. ಆಷಾಢದಲ್ಲಿ ತದ್ವಿರುದ್ಧ. ಅಳಿವೆ ಪೂರ್ತಿ ಸಿಹಿ ನೀರು. ಬಾಗಿಲಿನ ಹೊರಗೆ ಹೋದರೂ ಮೇಲೆ ಸಿಹಿ, ಕೆಳಗೆ ಉಪ್ಪು. ಕೈಯಲ್ಲಿ ಮೇಲಿನ ನೀರು ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಬಲೆ ಎಳೆಯುವಾಗ ಕೆಳಗಿನ ಅಂಚಿಗೆ ಮೆತ್ತಗಿನ ಕೆಸರು ಹತ್ತಿರುತ್ತದೆ, ಬೆಣ್ಣೆಯ ಹಾಗೆ ಜಾರುತ್ತದೆ.

ಮೇಷ್ಟ್ರು ಹೇಳಿದ ಉದುರುವ ಕೆಲಸ ಹಾಗಾದರೆ ಮಳೆಗಾಲದಲ್ಲಿ ಕಡಲ ಒಳಗೇ ಆಗುತ್ತದೆ ಅಲ್ವಾ?

ರಸಾಯನ ಮೇಷ್ಟ್ರು

ಅಣ್ಣಾ, ನೀವು ಹೇಳಿದ್ದು ಈ ಚರ್ಚೆಗೆ ಬೇಕಾಗಿದ್ದ ಮಾತು. ಹೌದು, ಹಾಗೇ ಆಗುತ್ತದೆ. ನಮ್ಮ ಹೊಳೆಗಳು ವರ್ಷದ ಬಹುಪಾಲು ನೀರು, ಮಣ್ಣು ತರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಉಪ್ಪು ಮತ್ತು ಸಿಹಿ ಸೇರುವ ಜಾಗ ಹೊಳೆಯ ಬಾಯಿಂದ ಆಚೆಗೆ ಸರಿದಿರುತ್ತದೆ. ಬಾಗಿಲು ಅಂತ ನಾನು ಅಂದದ್ದು ಒಂದು ಕಡೆ ನೆಟ್ಟ ಬಾಗಿಲಲ್ಲ. ಋತುವಿನ ಜೊತೆ ನಡೆದಾಡುವ ಬಾಗಿಲು. ಬೇಸಿಗೆಯಲ್ಲಿ ಮಾತ್ರ ಹೋಗಿ ನೀರು ತಂದು ಲೆಕ್ಕ ಹಾಕಿದರೆ ವರ್ಷದ ಲೆಕ್ಕ ತಪ್ಪುತ್ತದೆ.

ಕಬಿನಿ ತೀರ

ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ನಾನು ನದಿ ನೀರಿನ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ.

ಮೊದಲು ನೀರು ತರುವ ಕಷ್ಟ ಹೇಳುತ್ತೇನೆ. ಅಳೆಯುವ ಲೋಹ ಲೀಟರಿಗೆ ಒಂದು ಮೈಕ್ರೊಗ್ರಾಂಗಿಂತ ಕಡಿಮೆ. ನಮ್ಮ ಸುತ್ತ ಇರುವುದೆಲ್ಲ ಲೋಹವೇ. ನನ್ನ ಮೊದಲ ವರ್ಷದ ಸತುವಿನ ಅಂಕಿ ಎಲ್ಲಾ ಹೊಳೆಯಲ್ಲೂ ವಿಪರೀತ ಜಾಸ್ತಿ ಬಂತು. ಮೂರು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು, ತಪ್ಪು ನನ್ನ ಕೈಗವಸಿನದು. ರಬ್ಬರ್ ಮಾಡುವಾಗ ಸತುವಿನ ಆಕ್ಸೈಡ್ ಹಾಕುತ್ತಾರೆ. ಅದೇ ಬಾಟಲಿಯ ಬಾಯಿಗೆ ತಾಗಿತ್ತು. ಒಂದಿಡೀ ಮಳೆಗಾಲದ ನೀರು ಚೆಲ್ಲಬೇಕಾಯಿತು. ಆ ದಿನ ಅತ್ತಿದ್ದೇನೆ.

ಈಗ ಹೀಗೆ ಮಾಡುತ್ತೇನೆ. ಪ್ಲಾಸ್ಟಿಕ್ ಬಾಟಲಿಯನ್ನು ಆಮ್ಲದಲ್ಲಿ ದಿನಗಟ್ಟಲೆ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದು, ಎರಡು ಚೀಲದಲ್ಲಿ ಸುತ್ತಿ ಒಯ್ಯುತ್ತೇನೆ. ಹರಿವಿಗೆ ಎದುರಾಗಿ ನಿಂತು, ಅದೇ ಹೊಳೆ ನೀರಿನಲ್ಲಿ ಮೂರು ಸಲ ತೊಳೆದು ಆಮೇಲೆ ತುಂಬಿಸುವುದು. ದಂಡೆಯಲ್ಲೇ ಸೋಸುತ್ತೇನೆ. ಮಳೆಗಾಲದಲ್ಲಿ ಒಂದು ಲೀಟರ್ ಸೋಸುವಷ್ಟರಲ್ಲಿ ನಾಲ್ಕೈದು ಹಾಳೆ ಕಟ್ಟಿಕೊಳ್ಳುತ್ತವೆ. ಬಿಳಿ ಹಾಳೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದನ್ನೂ ಎಸೆಯುವುದಿಲ್ಲ, ಡಬ್ಬಿಯಲ್ಲಿ ಒಣಗಿಸಿ ಇಡುತ್ತೇನೆ. ಕತೆಯ ಅರ್ಧ ಆ ಹಾಳೆಯ ಮೇಲೇ ಇರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕಲ್ಲು ಓದುವವರು ಹೇಳಿದ್ದು ಒಂದು ಜಾತಿಯ ಐಸೋಟೋಪ್. ಕ್ಷಯದಿಂದ ಹುಟ್ಟುವುದು, ವಿಳಾಸ ಹೇಳುವುದು. ಇನ್ನೊಂದು ಜಾತಿ ಇದೆ. ಲಿಥಿಯಂ, ಕಬ್ಬಿಣ, ತಾಮ್ರ, ಸತು, ಮಾಲಿಬ್ಡಿನಂ ಈ ಗುಂಪಿನವು. ಇಲ್ಲಿ ಹಗುರದ್ದು, ಭಾರದ್ದು ಎರಡೂ ಮೊದಲಿನಿಂದ ಇರುತ್ತವೆ. ದಾರಿಯಲ್ಲಿ ನಡೆಯುವ ಕೆಲಸಗಳು ಒಂದನ್ನು ಜಾಸ್ತಿ ಹಿಡಿದು ಇನ್ನೊಂದನ್ನು ಬಿಡುತ್ತವೆ. ಹಾಗಾಗಿ ಇವು ವಿಳಾಸಕ್ಕಿಂತ ಪ್ರಯಾಣದ ಕತೆ ಹೇಳುತ್ತವೆ.

ಲಿಥಿಯಂ ನೋಡಿ. ಭೂಖಂಡದ ಮೇಲ್ಪದರದ ಕಲ್ಲಿನಲ್ಲಿ ಅದರ ಐಸೋಟೋಪ್ ಅಳತೆ, ಅಂದರೆ ಭಾರದ್ದಕ್ಕೂ ಹಗುರದ್ದಕ್ಕೂ ಇರುವ ಅನುಪಾತ, ಹೋಲಿಕೆಗೆ ಇಟ್ಟ ಮಾನದಂಡಕ್ಕೆ ಹೆಚ್ಚುಕಡಿಮೆ ಸಮ, ಅಂದರೆ ಸೊನ್ನೆಯ ಹತ್ತಿರ. ನದಿಗಳ ಸರಾಸರಿ ಸಾವಿರಕ್ಕೆ 23ರಷ್ಟು ಭಾರದ ಕಡೆ. ಕಡಲು ಸಾವಿರಕ್ಕೆ 31. ಕಲ್ಲು ಕರಗಿ ಮಣ್ಣಾಗುವಾಗ ಹೊಸದಾಗಿ ಹುಟ್ಟುವ ಜೇಡಿಮಣ್ಣು ಹಗುರವಾದ ಲಿಥಿಯಂ-6 ಅನ್ನು ಒಳಗೆ ಇಟ್ಟುಕೊಳ್ಳುತ್ತದೆ. ಭಾರದ್ದು ನದಿಗೆ ಹೋಗುತ್ತದೆ. ಕಡಲಿನ ತಳದಲ್ಲೂ ಹೊಸ ಖನಿಜಗಳು ಅದೇ ಆಟ ಆಡುತ್ತವೆ. ಸಂಬುದ್ಧ ಮಿಶ್ರಾ ಮತ್ತು ಫಿಲಿಪ್ ಫ್ರೋಲಿಕ್ 2012ರಲ್ಲಿ ಕಡಲ ಸೂಕ್ಷ್ಮ ಜೀವಿಗಳ ಚಿಪ್ಪುಗಳಲ್ಲಿ ಇದನ್ನು ಅಳೆದರು. ಕಳೆದ ಸುಮಾರು 6 ಕೋಟಿ ವರ್ಷದಲ್ಲಿ ಕಡಲ ಲಿಥಿಯಂ ಸಾವಿರಕ್ಕೆ 9ರಷ್ಟು ಭಾರವಾಗಿದೆ. ಮಿಶ್ರಾ ಅವರು ಈಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ.

ಮಾಲಿಬ್ಡಿನಂ ಕೂಡ ಹೀಗೆಯೇ. ಕೋರಿ ಆರ್ಚರ್ ಮತ್ತು ಡೆರೆಕ್ ವಾನ್ಸ್ 2008ರಲ್ಲಿ ಹಲವು ದೊಡ್ಡ ನದಿಗಳನ್ನು ಅಳೆದು ಸರಾಸರಿ ಸಾವಿರಕ್ಕೆ 0.7 ಎಂದು ಕಂಡುಕೊಂಡರು. ಕಡಲು 2.3. ಕಡಲ ತಳದ ಮ್ಯಾಂಗನೀಸ್ ಆಕ್ಸೈಡ್ ಹಗುರದ್ದನ್ನು ಆರಿಸಿಕೊಂಡು ಭಾರದ್ದನ್ನು ನೀರಿಗೆ ಬಿಡುತ್ತದೆ. ಅದಕ್ಕೂ ಮೊದಲು ನದಿಗಳೇ ಕಲ್ಲಿಗಿಂತ ಭಾರವಾಗಿದ್ದವು ಎನ್ನುವುದು ಅವರ ಕೆಲಸದ ದೊಡ್ಡ ಸುದ್ದಿ. ಅಲ್ಲಿಯವರೆಗೆ ನದಿ ಎಂದರೆ ಕರಗಿದ ಕಲ್ಲು ಎಂದೇ ಲೆಕ್ಕ ಹಾಕುತ್ತಿದ್ದರು. ಹಾಗಲ್ಲ. ನದಿಗೆ ಸಿಗುವುದು ಮಣ್ಣು ತನಗೆ ಬೇಕಾದ್ದನ್ನು ಇಟ್ಟುಕೊಂಡು ಬಿಟ್ಟದ್ದು.

ಬಂಡೀಪುರದ ಕಾಡಿನೊಳಗೆ ಮೂಲೆಹೊಳೆ ಅಂತ ಒಂದು ಪುಟ್ಟ ಜಲಾನಯನ ಇದೆ, ಬರೀ 4.1 ಚದರ ಕಿಲೋಮೀಟರ್. ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರೆಂಚರೂ ಸೇರಿ ವರ್ಷಗಳಿಂದ ಅಲ್ಲಿ ಮಳೆ, ಮಣ್ಣು, ಹೊಳೆ, ಅಂತರ್ಜಲ ಎಲ್ಲಾ ಅಳೆಯುತ್ತಿದ್ದಾರೆ. ಮಣ್ಣು ಏನನ್ನು ಇಟ್ಟುಕೊಳ್ಳುತ್ತದೆ ಎಂದು ತಿಳಿಯಲು ಇಂಥ ಜಾಗವೇ ಬೇಕು. ನೇತ್ರಾವತಿಯನ್ನೂ ಬಿಟ್ಟಿಲ್ಲ. 2012ರಲ್ಲಿ ಮಣಿಪಾಲದ ಮತ್ತು ಫ್ರಾನ್ಸಿನ ಸಂಶೋಧಕರು ಇಲ್ಲಿ ಸಿಲಿಕೇಟ್ ಕಲ್ಲು ಎಷ್ಟು ಜೋರಾಗಿ ಕರಗುತ್ತಿದೆ ಎಂದು ಬರೆದಿದ್ದಾರೆ. ಅಷ್ಟು ಮಳೆ, ಅಷ್ಟು ಸೆಕೆ ಒಟ್ಟಿಗೆ ಸಿಗುವ ಜಾಗ ಜಗತ್ತಿನಲ್ಲಿ ಜಾಸ್ತಿ ಇಲ್ಲ.

ಬಯಲುಸೀಮೆ

ಅಕ್ಕ, ಕೈಗವಸಿನ ಕತೆ ಓದಿ ಬೇಜಾರಾಯಿತು. ಬರೆದದ್ದು ಒಳ್ಳೆಯದಾಯಿತು, ನಾಳೆ ಇನ್ನೊಬ್ಬರ ಮಳೆಗಾಲ ಉಳಿಯುತ್ತದೆ.

ನಮ್ಮ ಕಡೆಯ ಪ್ರಶ್ನೆ ಒಂದಿದೆ. ಆಲಮಟ್ಟಿ, ನಾರಾಯಣಪುರ, ತುಂಗಭದ್ರಾ, ಶ್ರೀಶೈಲ, ನಾಗಾರ್ಜುನಸಾಗರ. ಇಷ್ಟು ಅಣೆಕಟ್ಟು ದಾಟಿ ಕೃಷ್ಣೆಯ ಲೋಹ ಕಡಲಿಗೆ ಹೋಗುತ್ತದಾ?

ಕಬಿನಿ ತೀರ

ಕರಗಿದ್ದು ಬಹುಮಟ್ಟಿಗೆ ಹೋಗುತ್ತದೆ, ಹೋಗುವಷ್ಟು ನೀರಿದ್ದರೆ. ಕೆಸರು ಜಲಾಶಯದಲ್ಲೇ ಕೂರುತ್ತದೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದ ಸುದ್ದಿ ನಿಮಗೆ ಗೊತ್ತೇ ಇದೆ. ರೈತರಿಗೆ ಅದು ನೀರಿನ ನಷ್ಟ. ಕಡಲಿನ ಲೆಕ್ಕದಲ್ಲಿ ಅದು ಲೋಹದ ನಷ್ಟ. ಯಾಕೆಂದರೆ ಕಬ್ಬಿಣ, ನಿಯೋಡಿಮಿಯಂನಂಥವುಗಳ ಬಹುಪಾಲು ಪ್ರಯಾಣ ಮಾಡುವುದು ಕೆಸರಿನ ಬೆನ್ನ ಮೇಲೆ.

ಸಾಬರಮತಿ ದಂಡೆ

ನಿಯೋಡಿಮಿಯಂ ಹೆಸರು ಬಂತು, ಇನ್ನು ಸುಮ್ಮನಿರಲು ಆಗುವುದಿಲ್ಲ. ಕೋಟೆಪುರದವರ ಮೊದಲ ಪ್ರಶ್ನೆಗೆ ಉತ್ತರದ ಇನ್ನರ್ಧ ಇಲ್ಲೇ ಇದೆ.

ನಿಯೋಡಿಮಿಯಂಗೂ ಸ್ಟ್ರಾನ್ಷಿಯಂ ಹಾಗೆ ವಿಳಾಸ ಇದೆ, ಅದು ಸಮೇರಿಯಂ ಕ್ಷಯಿಸಿ ಬರುವುದು. ಆದರೆ ಇದು ಕಡಲಲ್ಲಿ ಕೆಲವು ನೂರರಿಂದ ಒಂದು ಸಾವಿರ ವರ್ಷ ಅಷ್ಟೇ ನಿಲ್ಲುತ್ತದೆ. ಕಡಲು ಪೂರ್ತಿ ಕಲಸುವ ಮೊದಲೇ ಹೊರಟುಹೋಗುತ್ತದೆ. ಹಾಗಾಗಿ ಬೆಲ್ಲದ ಹಾಗಲ್ಲ, ಒಗ್ಗರಣೆಯ ಹಾಗೆ. ಎಲ್ಲಿ ಬಿತ್ತೋ ಅಲ್ಲೇ ಜಾಸ್ತಿ ರುಚಿ. ಉತ್ತರ ಅಟ್ಲಾಂಟಿಕ್‌ಗೆ ಒಂದು ಗುರುತು, ಪೆಸಿಫಿಕ್‌ಗೆ ಇನ್ನೊಂದು.

ಈಗ ಸಮಸ್ಯೆ ನೋಡಿ. ಅಮೆಜಾನ್ ಅಳಿವೆಯಲ್ಲಿ ಕರಗಿದ ನಿಯೋಡಿಮಿಯಂನ ನೂರಕ್ಕೆ ಸುಮಾರು 70ರಷ್ಟು ಕಬ್ಬಿಣದ ಗಸಿಯ ಜೊತೆ ಉದುರಿಹೋಗುತ್ತದೆ. ನದಿ ಮತ್ತು ಗಾಳಿಯ ದೂಳಿನಿಂದ ಬಂದದ್ದನ್ನು ಮಾತ್ರ ಕೂಡಿಸಿದರೆ ಕಡಲಿನ ಲೆಕ್ಕ ತಾಳೆಯೇ ಆಗುವುದಿಲ್ಲ. ಎಲ್ಲಿಂದಲೋ ಇನ್ನೂ ಜಾಸ್ತಿ ಬರುತ್ತಿದೆ. ಎಲ್ಲಿಂದ?

ಉದುರಿದ ಕೆಸರಿನಿಂದ. ಫ್ರಾನ್ಸಿನ ಫ್ರಾಂಸ್ವಾ ಲಕಾನ್ ಮತ್ತು ಕ್ಯಾಥರೀನ್ ಜಾಂಡೆಲ್ 2005ರಲ್ಲಿ ಇದನ್ನು ಬಲವಾಗಿ ಮುಂದಿಟ್ಟರು. ಭೂಖಂಡದ ಅಂಚಿನ ಕೆಸರು ಕಡಲ ನೀರಿನ ಜೊತೆ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಂಗಾ ಬ್ರಹ್ಮಪುತ್ರ ವರ್ಷಕ್ಕೆ ಸುಮಾರು 100 ಕೋಟಿ ಟನ್ ಕೆಸರು ತರುತ್ತವೆ. ಅದರ ನೂರರಲ್ಲಿ ಒಂದೆರಡು ಪಾಲು ನಿಯೋಡಿಮಿಯಂ ನೀರಿಗೆ ಬಿಟ್ಟರೂ ಕರಗಿ ಬಂದದ್ದಕ್ಕಿಂತ ದೊಡ್ಡ ಲೆಕ್ಕವಾಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಇಲ್ಲಿನವರೇ ಅಳೆದು 2012ರಲ್ಲಿ ಬರೆದಿದ್ದಾರೆ. ಕೊಲ್ಲಿಯ ನಿಯೋಡಿಮಿಯಂ ಲೆಕ್ಕ ಕೂಡಬೇಕಾದರೆ ನದಿ ತಂದ ಕಣಗಳನ್ನು ಸೇರಿಸಲೇಬೇಕಾಯಿತು.

ನೆಲದ ಕೆಳಗಿನ ದಾರಿಯೂ ಇದೆ. ಬಂಗಾಳದ ಮುಖಜ ಭೂಮಿಯ ಅಂತರ್ಜಲ ನೇರವಾಗಿ ಕಡಲಿಗೆ ಸೋರಿ ಸಾಕಷ್ಟು ಸ್ಟ್ರಾನ್ಷಿಯಂ ಒಯ್ಯುತ್ತದೆ ಎಂದು ಆಶಿಶ್ ಬಸು ಮತ್ತು ಜೊತೆಗಾರರು 2001ರಲ್ಲಿ ತೋರಿಸಿದರು. ನದಿಯ ಬಾಯಲ್ಲಿ ನಿಂತು ಎಣಿಸುವವನಿಗೆ ಅದು ಕಾಣುವುದೇ ಇಲ್ಲ.

ಆದ್ದರಿಂದ ಕೋಟೆಪುರದವರೇ, ನಿಮ್ಮ ಬಾಟಲಿಯ ತಳದ ಕೆಂಪು ಪದರವನ್ನು ಬಿದ್ದುಹೋದದ್ದು ಅಂತ ಬಿಡಬೇಡಿ. ನಾಡದೋಣಿಯವರ ಬಲೆಗೆ ಹತ್ತುವ ಬೆಣ್ಣೆಯಂಥ ಕೆಸರು ಅದೇ ಜಾತಿಯದು. ಕೆಸರಿನ ಒಳಗೆ ಆಮ್ಲಜನಕ ಮುಗಿದಾಗ ಸೂಕ್ಷ್ಮಜೀವಿಗಳು ಆ ಕಬ್ಬಿಣವನ್ನು ಮತ್ತೆ ಕರಗಿಸುತ್ತವೆ. ಅದರಲ್ಲಿ ಸ್ವಲ್ಪ ಮೇಲೆ ಬಂದು ಕಡಲಿಗೆ ಸೇರುತ್ತದೆ. ಹಾಗೆ ಬರುವ ಕಬ್ಬಿಣ ಐಸೋಟೋಪ್ ಅಳತೆಯಲ್ಲಿ ಹಗುರ ಇರುತ್ತದೆ, ಅದರಿಂದಲೇ ಗುರುತು ಹಿಡಿಯುತ್ತಾರೆ.

ಕೋಟೆಪುರದವಳು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ. ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ.

ನಿನ್ನೆ ಇನ್ನೊಂದು ಸಲ ಮಾಡಿ ನೋಡಿದೆ. ಪರಿಚಯದ ಟೀಚರ್ ಒಬ್ಬರು ಶಾಲೆಯ ಸೋಸುವ ಕಾಗದ ಕೊಟ್ಟರು. ಹೊಳೆ ನೀರು, ಕಡಲ ನೀರು ಎರಡನ್ನೂ ಎರಡೆರಡು ಸಲ ಸೋಸಿದೆ. ಹೊಳೆ ನೀರು ಕೊನೆಗೆ ತಿಳಿ ಹಳದಿ. ಬೆರೆಸಿ ಇಟ್ಟೆ. ಬೆಳಿಗ್ಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ತೆಳ್ಳಗೆ ಕಂದು ದೂಳಿನ ಹಾಗೆ ಕೂತಿತ್ತು. ಬಾವಿ ನೀರು ಹಾಕಿದ್ದರಲ್ಲಿ ಇರಲಿಲ್ಲ. ಮೇಷ್ಟ್ರೇ, ಇದು ಕಬ್ಬಿಣವಾ?

ರಸಾಯನ ಮೇಷ್ಟ್ರು

ಇರಬಹುದು, ಆದರೆ ಇನ್ನೂ ಹಾಗೆ ಹೇಳಬೇಡ. ಶಾಲೆಯ ಕಾಗದದ ರಂಧ್ರ ದೊಡ್ಡದು. ಸಣ್ಣ ಜೇಡಿ ಕಣಗಳು ಸುಲಭವಾಗಿ ದಾಟಿರುತ್ತವೆ. 0.45 ಮೈಕ್ರಾನ್ ಹಾಳೆಯಲ್ಲಿ ಸೋಸಿ ಮತ್ತೆ ನೋಡಬೇಕು.

ಕಬಿನಿ ತೀರ

ಹಾಳೆ ನಾನು ಕಳಿಸುತ್ತೇನೆ. ತೊಳೆದ ಬಾಟಲಿ ಹತ್ತು ಕಳಿಸುತ್ತೇನೆ. ಒಂದೇ ಕಡೆಯ ನೀರು ಸಾಲದು. ಪೂರ್ತಿ ಸಿಹಿ ಇರುವಲ್ಲಿಂದ ಪೂರ್ತಿ ಉಪ್ಪು ಇರುವವರೆಗೆ ಸಾಲಾಗಿ ತೆಗೆಯಬೇಕು. ದೋಣಿ ಸಿಗುತ್ತದಾ? ಕಬ್ಬಿಣದ ದೋಣಿ ಬೇಡ.

ನಾಡದೋಣಿ

ನಮ್ಮದು ಫೈಬರ್. ಯಾಂತ್ರಿಕ ಬೋಟುಗಳಿಗೆ ಜುಲೈ ಮುಗಿಯುವವರೆಗೆ ರಜೆ, ಅಳಿವೆ ಖಾಲಿ ಇರುತ್ತದೆ. ಗಾಳಿ ಇಳಿದ ದಿನ ನೋಡಿ ಹೇಳುತ್ತೇನೆ, ಅದಕ್ಕೂ ಮೊದಲು ಹೊರಡುವುದು ಬೇಡ, ಬಾಗಿಲಲ್ಲಿ ತೆರೆ ಜೋರಿದೆ. ನೀರು ತೆಗೆಯುವಾಗ ಎಂಜಿನ್ ಬಂದ್ ಮಾಡಿ ಹುಟ್ಟು ಹಾಕುತ್ತೇನೆ. ಅಕ್ಕ ದೋಣಿಯ ಮುಂದಿನ ತುದಿಯಲ್ಲಿ ಕೂತುಕೊಳ್ಳಲಿ.